ಕತ್ತರಿಸೋ ಮೊದಲು ನಂಬರ್ ಬರೀರಿ

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಪ್ರಾಜೆಕ್ಟ್ ಹ್ಯಾಂಡ್‌ಓವರ್‌ಗೆ ಹತ್ತೇ ದಿನ ಉಳಿದಿದೆಯಂತೆ. "ಫೈಲ್ ರೆಡಿ ಮಾಡ್ಲಿಕ್ಕೆ ಇಬ್ಬರು ಹುಡುಗರು ಬೇಕಿತ್ತು, ಯಾರಾದ್ರೂ ಇದ್ರೆ ಹೇಳಿ ಮಾರಾಯ್ರೆ" ಅಂದರು. ಪೈಪಿಂಗ್ ಕೆಲಸದಲ್ಲಿ ಇರುವವರಿಗೆ ಇದರ ಅರ್ಥ ಗೊತ್ತು. ಪೈಪು ವೆಲ್ಡ್ ಆಗಿ, ಇನ್ಸುಲೇಶನ್ ಒಳಗೆ ಮುಚ್ಚಿಯೂ ಆಗಿದೆ. ಅದು ಯಾವ ಪೈಪು ಅಂತ ಯಾರೂ ಬರೆದಿಟ್ಟಿಲ್ಲ. ಈಗ ಸ್ಟೋರಿನ ಕಪಾಟಿನಿಂದ ಸೈಜು ಹೊಂದುವ ಟೆಸ್ಟ್ ಸರ್ಟಿಫಿಕೇಟ್ ಹುಡುಕಿ ಅದರ ಹೆಸರಿಗೆ ಜೋಡಿಸಬೇಕು. ನಾವು ಇದನ್ನು ಡಾಕ್ಯುಮೆಂಟೇಶನ್ ಅಂತೇವೆ. ನನ್ನ ಪ್ರಕಾರ ಇದು ಸುಳ್ಳು ಸಾಕ್ಷಿ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಉಕ್ಕಿನ ಕಾರ್ಖಾನೆಯಲ್ಲಿ ಫರ್ನೇಸ್‌ನಿಂದ ಒಂದು ಸಲ ಕರಗಿಸಿ ಹೊಯ್ದ ಉಕ್ಕಿಗೆಲ್ಲ ಒಂದೇ ಸಂಖ್ಯೆ ಇರುತ್ತದೆ, ಅದೇ ಹೀಟ್ ನಂಬರ್. ಆ ಹೀಟ್‌ನಲ್ಲಿ ಕ್ರೋಮಿಯಂ ಎಷ್ಟು, ಮಾಲಿಬ್ಡಿನಂ ಎಷ್ಟು, ಎಳೆದಾಗ ಎಷ್ಟು ಭಾರಕ್ಕೆ ತುಂಡಾಯಿತು ಎಂಬುದೆಲ್ಲ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಇರುತ್ತದೆ. ನಾವು ಅದಕ್ಕೆ ಬರೀ ಟಿಸಿ ಅನ್ನುತ್ತೇವೆ. ಪೈಪಿನ ಮೇಲಿನ ನಂಬರ್ರೂ ಟಿಸಿಯ ನಂಬರ್ರೂ ಒಂದೇ ಆಗಿರುವ ತನಕ ಮಾತ್ರ ಆ ಕಾಗದಕ್ಕೆ ಬೆಲೆ.

ಊರಿನಲ್ಲಿ ಜಮೀನು ಪೋಡಿ ಮಾಡಿಸುವುದನ್ನು ನೆನಪಿಸಿಕೊಳ್ಳಿ. ಒಂದು ಸರ್ವೆ ನಂಬರನ್ನು ಮೂರು ಪಾಲು ಮಾಡಿದರೆ ಒಂದೊಂದು ಪಾಲಿಗೂ ಹಿಸ್ಸಾ ನಂಬರ್ ಬೀಳಬೇಕು. ಬೀಳದಿದ್ದರೆ ಮುಂದೆ ಕೋರ್ಟೇ ಗತಿ. ಪೈಪೂ ಹಾಗೆಯೇ. ಆರು ಮೀಟರಿನ ಪೈಪಿಗೆ ಕಾರ್ಖಾನೆಯವರು ನಂಬರ್ ಹಾಕಿರುತ್ತಾರೆ, ಸಾಮಾನ್ಯವಾಗಿ ತುದಿಯ ಹತ್ತಿರ. ಫಿಟ್ಟರ್ ಆ ತುದಿಯ ಒಂದೂವರೆ ಮೀಟರ್ ಕತ್ತರಿಸಿ ಒಯ್ದರೆ ಉಳಿದ ನಾಲ್ಕೂವರೆ ಮೀಟರು ಅನಾಥ. ಅದಕ್ಕೇ ನಿಯಮ ಇರುವುದು: ಮೊದಲು ಎರಡೂ ಕಡೆ ನಂಬರ್ ಬರೆ, ಆಮೇಲೆ ಕತ್ತರಿಸು. ಎರಡು ನಿಮಿಷದ ಕೆಲಸ. ಇದೊಂದು ಆಗದೇ ಇದ್ದರೆ ಮುಂದೆ ಎಂಥಾ ಸಾಫ್ಟ್‌ವೇರ್ ತಂದರೂ ಪ್ರಯೋಜನ ಇಲ್ಲ.

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಕಡೆ ಶಟ್‌ಡೌನ್ ಕೆಲಸದಲ್ಲಿದ್ದೆ, ಅಂದರೆ ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸಿದಾಗಿನ ಕೆಲಸ. ಜುಲೈ ತಿಂಗಳು, ಬಿಡದ ಮಳೆ. ಉಪ್ಪು ಗಾಳಿಗೆ ಒಂದೇ ವಾರದಲ್ಲಿ ಎಲ್ಲದರ ಮೈಯೂ ಒಂದೇ ಬಣ್ಣ. ರಾತ್ರಿ ಎರಡರ ಹೊತ್ತಿಗೆ ಫಿಟ್ಟರ್ ಆರು ಇಂಚಿನ ಎಲ್ಬೋ ಒಂದನ್ನು ತಂದ, ಅಂದರೆ ಪೈಪು ತಿರುಗುವ ಕಡೆ ಹಾಕುವ ಬಾಗಿದ ತುಂಡು. ಲೈನು ಪಿ11 ಅನ್ನುವ ಅಲಾಯ್ (ಮಿಶ್ರಲೋಹ) ಉಕ್ಕಿನದು, ಅಂದರೆ ಒಂದೂಕಾಲು ಶೇಕಡಾ ಕ್ರೋಮಿಯಂ, ಅರ್ಧ ಶೇಕಡಾ ಮಾಲಿಬ್ಡಿನಂ ಇರಬೇಕು. ಎಲ್ಬೋ ಮೇಲಿನ ಸ್ಟಾಂಪನ್ನು ಯಾರೋ ಗ್ರೈಂಡರ್ ಹೊಡೆದು ಅರ್ಧ ಅಳಿಸಿದ್ದರು. "ಅದೇ ರ‍್ಯಾಕಿನದ್ದು, ಬರ್ಕೊಳ್ಳಿ" ಅಂದರು ಸೂಪರ್‌ವೈಸರ್. ನಾನು ಬರೆದುಕೊಂಡೆ. ವೆಲ್ಡ್ ಮಾಡುವ ಮೊದಲು ಯಾವ ತುಂಡು ಜೋಡಿಸಿದ್ದು ಅಂತ ಬರೆಯುವ ಫಿಟ್‌ಅಪ್ ರಿಪೋರ್ಟಿಗೆ ಪಕ್ಕದ ಎಲ್ಬೋದ ಹೀಟ್ ನಂಬರ್ ಹಾಕಿ ಸಹಿಯನ್ನೂ ಮಾಡಿದೆ.

ತಡೆದವರು ಸ್ಟೋರ್‌ಕೀಪರ್. ವಯಸ್ಸಾದವರು, ಮಾತು ಕಡಿಮೆ. "ಆ ರ‍್ಯಾಕಿಂದ ನಾಲ್ಕು ಕೊಟ್ಟಿದ್ದೇನೆ, ಇದು ಐದನೆಯದ್ದು. ಬೆಳಿಗ್ಗೆ ಗನ್ ಬರ್ಲಿ, ನೋಡುವ" ಅಂದರು. ಬೆಳಿಗ್ಗೆ ಪಿಎಂಐ ಗನ್ ಬಂತು, ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಕೈಯಂತ್ರ. ತುಕ್ಕು ಕೆರೆದು ಲೋಹಕ್ಕೆ ಒತ್ತಿ ಹಿಡಿದರೆ ಕೆಲವೇ ಸೆಕೆಂಡು. ಕ್ರೋಮಿಯಂ 0.03. ಬರೀ ಕಾರ್ಬನ್ ಸ್ಟೀಲ್. ಆ ಪರದೆಯನ್ನು ನೋಡಿದ ಮೇಲೆ ನನ್ನ ಸಹಿಯನ್ನು ನೋಡಿದೆ. ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಯಾಕೆ ಅಂದರೆ ಇಂಥದ್ದೇ ಒಂದು ಎಲ್ಬೋ ಏನು ಮಾಡಿತು ಅಂತ ಆಮೇಲೆ ಓದಿದೆ. 2005ರ ಜುಲೈ 28, ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಬಿಪಿ ರಿಫೈನರಿ. ಒಂದು ಹೀಟ್ ಎಕ್ಸ್‌ಚೇಂಜರ್ ಸಾಲಿನಲ್ಲಿ ಎಂಟು ಇಂಚಿನ ಮೂರು ಎಲ್ಬೋಗಳು. ಅಳತೆ, ಆಕಾರ ಎಲ್ಲ ಒಂದೇ. ಒಂದು ಕಾರ್ಬನ್ ಸ್ಟೀಲಿನದು, ಉಳಿದೆರಡು ಕ್ರೋಮ್ ಅಲಾಯ್. ರಿಪೇರಿಗೆ ಬಿಚ್ಚಿ ಮತ್ತೆ ಕೂರಿಸುವಾಗ ಅದಲುಬದಲಾಯಿತು. ಬಿಸಿ ಹೈಡ್ರೋಜನ್ ಹರಿಯುವ ಜಾಗಕ್ಕೆ ಕಾರ್ಬನ್ ಸ್ಟೀಲ್ ಹೋಗಿ ಕೂತಿತು. ಆ ಬಿಸಿಯಲ್ಲಿ ಹೈಡ್ರೋಜನ್ ಉಕ್ಕಿನ ಒಳಗೆ ನುಗ್ಗಿ ಅಲ್ಲಿನ ಕಾರ್ಬನ್ ಜೊತೆ ಸೇರಿ ಮೀಥೇನ್ ಆಗುತ್ತದೆ, ಒಳಗಿನಿಂದಲೇ ಬಿರುಕು ಬಿಡಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮೂರೇ ತಿಂಗಳಿಗೆ ಒಡೆಯಿತು. ಬೆಂಕಿಯಲ್ಲಿ ಸುಮಾರು 3 ಕೋಟಿ ಡಾಲರ್ ನಷ್ಟ. ಜೀವ ಹೋಗಲಿಲ್ಲ, ಅದು ಅದೃಷ್ಟ. ಬಿಚ್ಚುವ ಮೊದಲು ಮೂರಕ್ಕೂ ಗುರುತು ಹಾಕಿದ್ದರೆ ಅಥವಾ ಕೂರಿಸಿದ ಮೇಲೆ ಒಮ್ಮೆ ಗನ್ ಇಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಹಾಗಾದರೆ ಎಲ್ಲದಕ್ಕೂ ಗನ್ ಇಟ್ಟರಾಯಿತು, ಕಾಗದ ಯಾಕೆ ಅಂತ ಹೊಸ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ನಮ್ಮ ಕೈಯಲ್ಲಿರುವ ಎಕ್ಸ್‌ರೇ ಗನ್‌ಗೆ ಕಾರ್ಬನ್ ಕಾಣುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304ಕ್ಕೂ 304ಎಲ್‌ಗೂ ಇರುವ ಮುಖ್ಯ ವ್ಯತ್ಯಾಸವೇ ಕಾರ್ಬನ್. ಪಿ91 ಅನ್ನುವ ಅಲಾಯ್ ಉಕ್ಕಿನ ನೈಟ್ರೋಜನ್ ಕೂಡ ಅದಕ್ಕೆ ಕಾಣುವುದಿಲ್ಲ. ಗನ್ ಹೇಳದ್ದನ್ನು ಟಿಸಿ ಹೇಳಬೇಕು, ಟಿಸಿ ಹೇಳಿದ್ದು ಇದೇ ಪೈಪಿನ ಬಗ್ಗೆ ಅಂತ ಹೀಟ್ ನಂಬರ್ ಹೇಳಬೇಕು.

2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ, ಶೆವ್ರಾನ್ ರಿಫೈನರಿಯಲ್ಲಿ ಒಡೆದ ಪೈಪು ಅಲಾಯ್ ಕೂಡ ಅಲ್ಲ, ಮಾಮೂಲಿ ಕಾರ್ಬನ್ ಸ್ಟೀಲ್. ಒಡೆದ ತುಂಡಿನಲ್ಲಿ ಸಿಲಿಕಾನ್ 0.01 ಶೇಕಡಾ, ಅದಕ್ಕೆ ತಾಗಿದ್ದ ಎಲ್ಬೋದಲ್ಲಿ 0.16. ಸಿಲಿಕಾನ್ ಕಡಿಮೆ ಇದ್ದದ್ದನ್ನು ಒಳಗೆ ಹರಿಯುವ ಎಣ್ಣೆಯ ಗಂಧಕ ಬೇಗ ತಿಂದು ತೆಳ್ಳಗೆ ಮಾಡಿತ್ತು. ಹೊಗೆಯಿಂದಾಗಿ ಸುತ್ತಲಿನ ಸುಮಾರು 15,000 ಜನ ಚಿಕಿತ್ಸೆಗೆ ಹೋಗಬೇಕಾಯಿತು. ಸಿಲಿಕಾನ್ ಕಡಿಮೆ ಇರುವ ತುಂಡು ಎಲ್ಲಿ ಕೂತಿದೆ ಅನ್ನುವುದು ಗೊತ್ತಿದ್ದರೆ ದಪ್ಪ ಅಳೆಯುವವನು ನೇರ ಅಲ್ಲಿಗೇ ಹೋಗುತ್ತಾನೆ.

ಸುಳ್ಳು ಫೈಲನ್ನು ಹಿಡಿಯಲು ನಾನು ಆ ಸ್ಟೋರ್‌ಕೀಪರ್ ಲೆಕ್ಕವನ್ನೇ ಬಳಸುತ್ತೇನೆ. ಒಂದು ಹೀಟ್ ನಂಬರಿನಲ್ಲಿ ಎಷ್ಟು ಮೀಟರು ಬಂತು, ಫೈಲಿನ ಪ್ರಕಾರ ಎಷ್ಟು ಮೀಟರು ಲೈನಿನಲ್ಲಿ ಕೂತಿದೆ, ಕೂಡಿಸಿ ನೋಡುವುದು. ಅರವತ್ತು ಮೀಟರು ಬಂದ ಹೀಟ್ ತೊಂಬತ್ತು ಮೀಟರು ಕೂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಇಂಥ ಲೆಕ್ಕ ಹಾಕುವವರನ್ನು ನಾವು ಸ್ಟೋರಿನ ಮೂಲೆಯಲ್ಲಿ ಕೂರಿಸಿ, ಅತಿ ಕಡಿಮೆ ಸಂಬಳ ಕೊಟ್ಟು, ಅವಸರ ಬಂದಾಗ ಬಾಯಿ ಮುಚ್ಚಿಸುತ್ತೇವೆ. ನಂಬರ್ ಇಲ್ಲದ ತುಂಡನ್ನು ಕೊಡುವುದಿಲ್ಲ ಅನ್ನುವ ಅಧಿಕಾರ ಅವರಿಗೆ ಇರಬೇಕು, ಅದನ್ನು ಪ್ರಾಜೆಕ್ಟ್ ಮ್ಯಾನೇಜರ್ ಕೂಡ ಮೀರುವ ಹಾಗಿರಬಾರದು.

ಫೋನ್ ಮಾಡಿದವರಿಗೆ ಹುಡುಗರ ನಂಬರ್ ಕೊಡಲಿಲ್ಲ. ಗನ್ ಬಾಡಿಗೆಗೆ ಕೊಡುವವರ ನಂಬರ್ ಕೊಟ್ಟೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ, ಆಮೇಲೆ "ಇನ್ಸುಲೇಶನ್ ಬಿಚ್ಬೇಕಾಗ್ತದಲ್ಲ" ಅಂದರು. ಹೌದು, ಬಿಚ್ಚಬೇಕು. ಎಲ್ಲೆಲ್ಲಿ ಬಿಚ್ಚಬೇಕು ಅಂತ ಡ್ರಾಯಿಂಗ್ ಮೇಲೆ ಗುರುತು ಹಾಕಿಕೊಡಲು ಭಾನುವಾರ ನಾನೇ ಹೋಗ್ತಿದ್ದೇನೆ.