ಹಸಿರು ಶಾಯಿಯವರು

ನಾನು ಗಿಟಾರ್ ಕಲಿಯುತ್ತಿದ್ದೇನೆಂಬ ಸುದ್ದಿ ಯಾರಿಂದಲೋ ಕಿವಿಗೆ ಬಿದ್ದ ಕೂಡಲೇ, ಪಿ.ಜೆ. ಬಡಾವಣೆಯ ಪರಿಚಿತರೊಬ್ಬರು ಮಗನ ಕೈಯಲ್ಲಿ ಒಂದು ಪೆನ್‌ಡ್ರೈವ್ ಕಳುಹಿಸಿಕೊಟ್ಟರು. ತೆರೆದು ನೋಡಿದರೆ ಅದರೊಳಗೆ ‘ಆರಂಭದ ಪಾಠಗಳು’ ಎಂಬ ಫೋಲ್ಡರ್, ಅದರೊಳಗೆ ‘ಆರಂಭದ ಪಾಠಗಳು ಹೊಸದು’, ಅದರೊಳಗೆ ‘ಆರಂಭದ ಪಾಠಗಳು ಇದೇ ಕೊನೆಯದು’ ಎಂಬ ಇನ್ನೊಂದು. ಒಟ್ಟಿನಲ್ಲಿ ನಾನು ಇನ್ನೊಂದು ಜನ್ಮ ತಾಳಿ ಬಂದರೂ ಆರಂಭವನ್ನು ದಾಟುವ ಸಂಭವ ಕಾಣಲಿಲ್ಲ. ಅಂದಿನಿಂದ ಅವರು ಸಿಕ್ಕಾಗಲೆಲ್ಲ, ಜಯದೇವ ವೃತ್ತದಲ್ಲಾಗಲಿ, ದೋಸೆ ಹೋಟೆಲಿನ ಬಾಗಿಲಲ್ಲಾಗಲಿ, “ನೋಡಿದ್ರಾ ಸರ್, ಎಲ್ಲಿಗೆ ಬಂತು?” ಎಂದು ವಿಚಾರಿಸುತ್ತಾರೆ. ಅವರ ಮನೆಯಲ್ಲಿ ಗಿಟಾರ್ ಇಲ್ಲ. ಕೊಳ್ಳುವ ಯೋಚನೆಯೂ ಇಲ್ಲವಂತೆ. ಇಷ್ಟೊಂದು ಪಾಠಗಳು ತಮ್ಮಲ್ಲಿ ಸುಮ್ಮನೆ ಬಿದ್ದಿರಬಾರದೆಂಬುದಷ್ಟೇ ಅವರ ಕಾಳಜಿ.

ಸ್ವಂತವಾಗಿ ಕಲಿಯಲು ಹೊರಟವನಿಗೆ ಗುರುವಿಲ್ಲವೆಂದು ಲೋಕ ತಿಳಿದಿದೆ. ಆದರೆ ಗುರುವಿಲ್ಲವೆಂದು ಗೊತ್ತಾದ ಕ್ಷಣದಿಂದ ಇಡೀ ಊರೇ ಆ ಹುದ್ದೆಗೆ ಅರ್ಜಿ ಹಾಕುತ್ತದೆ. ಬೆರಳು ನೋಯುತ್ತದೆ ಎಂದು ಎಲ್ಲಿಯಾದರೂ ಬಾಯಿ ಬಿಟ್ಟರೆ ಮುಗಿಯಿತು, ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್‌ನ ಕಥೆ ಬಂದೇ ಬರುತ್ತದೆ. 1928ರಲ್ಲಿ ತಾನು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಸೆಡೆತುಕೊಂಡ ಮೇಲೂ, ಉಳಿದೆರಡು ಬೆರಳುಗಳಲ್ಲಿ ಅವನು ಜಗತ್ತೇ ತಲೆದೂಗುವಂತೆ ನುಡಿಸಿದನು ಎಂಬುದು ನಿಜ. ಆದರೆ ಅದನ್ನು ಹೇಳುವವರ ಧ್ವನಿಯಲ್ಲಿ, ನಾಲ್ಕೂ ಬೆರಳು ನೆಟ್ಟಗಿರುವ ನನ್ನಂಥವನು ನೋವೆನ್ನುವುದು ಅವನಿಗೆ ಮಾಡುವ ಅವಮಾನ ಎಂಬ ಸೂಚನೆ ಇರುತ್ತದೆ. ಪವಾಡವನ್ನು ಸಲಹೆಯಾಗಿ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಏಕಲವ್ಯನನ್ನು ಕರೆತರುವವರು ಇನ್ನೂ ಒಂದು ಹೆಜ್ಜೆ ಮುಂದೆ. ಅವನ ಕಥೆ ಬಲಗೈ ಹೆಬ್ಬೆರಳಿನ ವಿಷಯದಲ್ಲಿ ಹೇಗೆ ಮುಗಿಯುತ್ತದೆಂಬುದು ಅವರಿಗೆ ನೆನಪಿರುವುದಿಲ್ಲ, ಗಿಟಾರಿನ ಮೂರು ದಪ್ಪ ತಂತಿಗಳು ಸಾಮಾನ್ಯವಾಗಿ ಅದೇ ಬೆರಳಿನ ಪಾಲಿಗೆ ಬರುತ್ತವೆಂಬುದು ಗೊತ್ತಿರುವುದೂ ಇಲ್ಲ.

ಗುರುವಿಲ್ಲದ ಕಲಿಕೆಯ ಕುರಿತು ನನಗೆ ಹೊಳೆದಿರುವ ಒಂದು ಮುಖ್ಯ ವಿಚಾರವನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು, ದಾವಣಗೆರೆಯಲ್ಲಿ ಕಲಿಯುವವರ ನಡುವೆ ಕೈಯಿಂದ ಕೈಗೆ ಓಡಾಡುತ್ತಿರುವ ಒಂದು ಝೆರಾಕ್ಸ್ ಕಟ್ಟಿನ ವಿಷಯವನ್ನು ಹೇಳಿಬಿಡಬೇಕು.

ಅದು ಸ್ಪೈರಲ್ ಬೈಂಡಿಂಗ್ ಮಾಡಿಸಿದ, ಮೂಲ ಯಾವುದೆಂದು ಯಾರಿಗೂ ತಿಳಿಯದ ಕಟ್ಟು. ಒಳಗೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಚಿತ್ರ, ಸ್ಕೇಲುಗಳು, ಕೆಲವು ಹಾಡುಗಳ ಟ್ಯಾಬ್, ಅಂದರೆ ತಂತಿಗೊಂದು ಗೆರೆ ಎಳೆದು, ಯಾವ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಅಡ್ಡ ಮೆಟ್ಟಿನಲ್ಲಿ) ಒತ್ತಬೇಕೆಂದು ಅಂಕಿಯಲ್ಲಿ ಬರೆದದ್ದು. ಪ್ರತಿಯಿಂದ ಪ್ರತಿ ತೆಗೆಯುತ್ತಾ ಬಂದು ಪುಟಗಳು ವಾಲಿವೆ. ಒಂದು ಹಾಡಿನ ಪುಟದಲ್ಲಂತೂ ಯಂತ್ರದ ಅಂಚಿಗೆ ಸಿಕ್ಕಿ ಕೆಳಗಿನ ಗೆರೆಯೇ ಮಾಯವಾಗಿರುವುದರಿಂದ, ಅದನ್ನು ನೋಡಿ ಕಲಿತವರು ಆ ಹಾಡಿನಲ್ಲಿ ಇಂದಿಗೂ ದಪ್ಪ ತಂತಿಯನ್ನು ಮುಟ್ಟುವುದಿಲ್ಲ, ಮುಟ್ಟಿದವರನ್ನು ತಪ್ಪೆಂದು ತಿದ್ದುತ್ತಾರೆ. ಟ್ಯಾಬಿನಲ್ಲಿ ಸಣ್ಣ ತಂತಿ ಮೇಲಿನ ಗೆರೆ, ದಪ್ಪ ತಂತಿ ಕೆಳಗಿನ ಗೆರೆ. ಮಡಿಲಲ್ಲಿಟ್ಟುಕೊಂಡ ಗಿಟಾರಿನಲ್ಲಿ ಕಾಣುವುದು ಇದಕ್ಕೆ ತಿರುಗುಮುರುಗು. ಹೊಸಬರೆಲ್ಲ ಇದನ್ನು ಇತ್ತೀಚಿನವರ ಕಿತಾಪತಿ ಎಂದು ಬೈಯುತ್ತಾರೆ. ಆದರೆ ನಮ್ಮಲ್ಲಿ ವಿಜಯನಗರದ ಗದ್ದುಗೆಯ ಮೇಲೆ ಅಚ್ಯುತರಾಯನಿದ್ದಾಗಲೇ, ಅಂದರೆ 1536ರಲ್ಲಿ, ಸ್ಪೇನಿನ ವಲೆನ್ಸಿಯಾದಲ್ಲಿ ಲೂಯಿಸ್ ಮಿಲಾನ್ ಎಂಬ ವಾದಕನು ಗಿಟಾರಿನ ಹಿರಿಯ ನೆಂಟನಾದ ವಿಹುವೇಲಾವನ್ನು ಏನೂ ತಿಳಿಯದವನೂ ಕಲಿಯುವಂತೆ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಗೆರೆಗಳ ಕ್ರಮ ಹೀಗೆಯೇ ಇದೆ. ಪುಸ್ತಕದ ಹೆಸರೇ ‘ಗುರು’ ಎಂದು. ಅವನು ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಗೆರೆಗಳ ಮೇಲೆ ಗುರುತಿಸಿದ್ದಲ್ಲದೆ, ಇದನ್ನು ನಿಧಾನವಾಗಿ ನುಡಿಸು, ಇದನ್ನು ಬೇಗ ನುಡಿಸು ಎಂದು ಮಾತಿನಲ್ಲೂ ಬರೆದನು. ಸುಮಾರು ಐದು ಶತಮಾನಗಳ ನಂತರ ನಮ್ಮ ಕಟ್ಟಿನಲ್ಲಿ ಕಾಲದ ಗುರುತೂ ಇಲ್ಲ, ವೇಗದ ಮಾತೂ ಇಲ್ಲ, ಬರೀ ಅಂಕಿಗಳು; ಅದನ್ನು ಟೈಪು ಮಾಡಿದ ಪುಣ್ಯಾತ್ಮನಿಗೆ ಹಾಡು ಮೊದಲೇ ಗೊತ್ತಿತ್ತು, ಉಳಿದವರಿಗೂ ಗೊತ್ತಿರಬೇಕೆಂದು ಅವನು ನಂಬಿದ್ದನು.

ಕಟ್ಟಿನ ಬೆಲೆ ಇರುವುದು ಅಂಚುಗಳಲ್ಲಿ. ನನಗಿಂತ ಮೊದಲು ಅದನ್ನು ಇಟ್ಟುಕೊಂಡಿದ್ದವರೊಬ್ಬರು ಪುಟಪುಟಕ್ಕೂ ಹಸಿರು ಶಾಯಿಯಲ್ಲಿ ಟಿಪ್ಪಣಿ ಬರೆದಿದ್ದಾರೆ. ಅಕ್ಷರ ದುಂಡಗೆ, ವಾಕ್ಯಕ್ಕೊಂದು ಪೂರ್ಣವಿರಾಮ ತಪ್ಪದೆ. ಒಂದು ತಂತಿಯನ್ನು ಯಾವ ಫ್ರೆಟ್ಟಿನಲ್ಲಿ ಒತ್ತಿದರೆ ಮುಂದಿನ ತಂತಿಯ ಸ್ವರ ಬರಬೇಕೆಂದು ನೋಡಿ ಶ್ರುತಿ ಮಾಡುವ ಕ್ರಮದ ಬಗ್ಗೆ ಮೊದಲ ಪುಟದ ತಲೆಯಲ್ಲಿ ಅವರ ಆಕ್ಷೇಪಣೆ ಹೀಗಿದೆ: “ಐದನೇ ಫ್ರೆಟ್, ಐದನೇ ಫ್ರೆಟ್, ಐದನೇ ಫ್ರೆಟ್, ನಂತರ ನಾಲ್ಕನೇ ಫ್ರೆಟ್, ಮತ್ತೆ ಐದನೇ ಫ್ರೆಟ್. ಮಧ್ಯದಲ್ಲಿ ಮಾತ್ರ ನಾಲ್ಕು ಏಕೆ? ಕಾರಣ ನಮೂದಿಸಿಲ್ಲ.” ಕಾರಣ ನಮೂದಿಸಿಲ್ಲ ಎಂಬ ಮಾತು ಓದಿದ ಕೂಡಲೇ ನನಗೆ ಈ ಮಹನೀಯರು ಯಾರಿರಬಹುದೆಂಬ ಕುತೂಹಲ ಕೆರಳಿತು. ಹಸಿರು ಶಾಯಿ ಎಂದರೆ ನಮ್ಮ ಕಡೆ ಗೆಜೆಟೆಡ್ ಅಧಿಕಾರಿ. ಅಂಕಪಟ್ಟಿಗೆ ದೃಢೀಕರಣ ಮಾಡಿಸಿಕೊಳ್ಳಲು ಅವರ ಬಾಗಿಲಲ್ಲಿ ಕಾದು ನಿಂತ ನೆನಪು ನನ್ನ ವಯಸ್ಸಿನವರಿಗೆ ಇದ್ದೇ ಇರುತ್ತದೆ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳೂ ಹೆಚ್ಚಿದವು, ಹಸಿರು ಪೆನ್ನುಗಳೂ ಹೆಚ್ಚಿದವು. ಹೀಗಾಗಿ ಹುಡುಕಾಟಕ್ಕೆ ಕ್ಷೇತ್ರ ಸಣ್ಣದೇನಾಗಿರಲಿಲ್ಲ.

ಹಸಿರು ಶಾಯಿಯ ಆಕ್ಷೇಪಣೆಯ ಕೆಳಗೆ ಪೆನ್ಸಿಲಿನಲ್ಲಿ ಬೇರೊಬ್ಬರ ಉತ್ತರವಿದೆ: “ತಂತಿಯಿಂದ ತಂತಿಗೆ ಸ-ಮ, ಸ-ಮ, ಸ-ಮ, ಸ-ಗ, ಸ-ಮ. ಎಲ್ಲಾ ಕಡೆ ಮಧ್ಯಮವೇ ಹಿಡಿದರೆ ಕೊನೆಯ ತಂತಿ ಬಿಳಿ ನಾಲ್ಕಕ್ಕೆ ಹೋಗುತ್ತದೆ. ಅದು ಬಿಳಿ ಮೂರರಲ್ಲೇ ನಿಲ್ಲಬೇಕು. ಆಗಲೇ ಮೇಲಿನದೂ ಕೆಳಗಿನದೂ ಒಂದೇ ಸ್ವರ.” ಇದನ್ನು ಓದಿದಾಗ ನನಗಾದ ಸಂತೋಷ ಪೆನ್‌ಡ್ರೈವಿನ ಯಾವ ಪಾಠದಿಂದಲೂ ಆಗಿಲ್ಲ. ಆರು ತಂತಿಗಳ ಮೊದಲನೆಯದೂ ಕೊನೆಯದೂ ಎರಡು ಸ್ಥಾಯಿಗಳ ಅಂತರದಲ್ಲಿ ಒಂದೇ ಸ್ವರವಾಗಿರುವುದರಿಂದಲೇ ಒಂದು ಬೆರಳನ್ನು ಅಡ್ಡ ಮಲಗಿಸಿ ಕಾರ್ಡ್ ಹಿಡಿಯುವುದು ಅನುಕೂಲವಾಗುತ್ತದೆ. ಅದಕ್ಕಾಗಿ ಎಲ್ಲೋ ಒಂದು ಕಡೆ ಅರ್ಧ ಸ್ವರವನ್ನು ನುಂಗಬೇಕು, ಅದನ್ನು ಗಾಂಧಾರದಲ್ಲಿ ನುಂಗಿದ್ದಾರೆ. ಬಿಳಿ ಕೀಗಳನ್ನು ಎಣಿಸಿ ಸ್ವರಕ್ಕೆ ಬಿಳಿ ಮೂರು, ಬಿಳಿ ನಾಲ್ಕು ಎನ್ನುವವರು ಹಾರ್ಮೋನಿಯಂ ಮುಟ್ಟಿದವರೇ ಆಗಿರಬೇಕು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿನಲ್ಲಿ ಅಂಥವರಿಗೆ ಬರವಿಲ್ಲ, ಆದರೆ ಗಿಟಾರ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಕೂರುವವರು ಎಷ್ಟು ಮಂದಿ?

ಒಬ್ಬರೇ. ವಿನೋಬನಗರದ ಒಬ್ಬ ಹಿರಿಯರು, ಹಿಂದೆ ಒಂದು ನಾಟಕ ಕಂಪನಿಯಲ್ಲಿ ಕಾಲುಪೆಟ್ಟಿಗೆ ನುಡಿಸುತ್ತಿದ್ದವರು, ಮೊಮ್ಮಗ ಬಿಟ್ಟುಹೋದ ಗಿಟಾರನ್ನು ಸುಮ್ಮನೆ ಮೂಲೆಯಲ್ಲಿಡಲು ಮನಸ್ಸಾಗದೆ ಕೈಗೆತ್ತಿಕೊಂಡಿದ್ದರು. ನಾವೆಲ್ಲ ಅವರನ್ನು ಪೇಟಿ ಮೇಷ್ಟ್ರು ಎನ್ನುತ್ತೇವೆ. ಅವರ ಕೈಗೆ ವಯಸ್ಸಾಗಿದೆ, ಕಿವಿಗೆ ಆಗಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಯಾರಾದರೂ ತಂತಿ ಮುಟ್ಟಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವಾದ ಸಿಟ್ಟು. ಬೆವರಿನ ಉಪ್ಪೇ ಉಕ್ಕಿನ ತಂತಿಗೆ ತುಕ್ಕು ತರಲು ಸಾಕಾಗಿರುವಾಗ ಅದರ ಮೇಲೆ ಎಣ್ಣೆ ಖಾರವನ್ನೂ ಬಳಿಯುವುದು ತಂತಿ ಮಾರುವವನಿಗೆ ಮಾಡುವ ಉಪಕಾರ. “ಪೆನ್ಸಿಲ್ ನಂದೇ ರೀ,” ಎಂದು ಅವರು ಒಪ್ಪಿಕೊಂಡರು. ಹಸಿರು ಯಾರದೆಂದು ಕೇಳಿದ್ದಕ್ಕೆ ಮಾತು ತಿರುಗಿಸಿ ಚಹಾ ತರಿಸಿದರು.

ಹಸಿರಿಗೂ ಪೆನ್ಸಿಲಿಗೂ ಮುಖ್ಯ ಕದನ ನಡೆದಿರುವುದು ಎಫ್ ಕಾರ್ಡಿನ ಪುಟದಲ್ಲಿ. ಕಲಿತವರಿಗೆಲ್ಲ ಗೊತ್ತು, ಗಿಟಾರ್ ಬಿಟ್ಟವರಲ್ಲಿ ಬಹುಪಾಲು ಬಿಟ್ಟದ್ದು ಈ ಪುಟದಲ್ಲಿಯೇ. ತಂತಿಗಳನ್ನು ಸಣ್ಣದರಿಂದ ಎಣಿಸಿಕೊಂಡು, ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ನಡುಬೆರಳನ್ನು ಮೂರನೇ ತಂತಿಯ ಎರಡನೇ ಫ್ರೆಟ್ಟಿನಲ್ಲೂ ಉಳಿದೆರಡನ್ನು ಐದನೇ ಮತ್ತು ನಾಲ್ಕನೇ ತಂತಿಗಳ ಮೂರನೇ ಫ್ರೆಟ್ಟಿನಲ್ಲೂ ಒತ್ತಿದರೆ ಎಫ್. ಬಾರಿಸಿದರೆ ಆರರಲ್ಲಿ ಎರಡು ತಂತಿ ನುಡಿಯುತ್ತವೆ, ನಾಲ್ಕು ತೊದಲುತ್ತವೆ. ಹಸಿರು ಶಾಯಿಯವರು ಇಲ್ಲಿ ಮೊದಲು ಬರೆದಿರುವುದು “ಅಸಾಧ್ಯ” ಎಂದು. ಅದರ ಕೆಳಗೆ, ಬಹುಶಃ ಬೇರೆ ದಿನ, “ಪುನಃ ಪ್ರಯತ್ನಿಸಲಾಯಿತು. ಅಸಾಧ್ಯ.” ನಂತರ ಅವರು ಅಳತೆಪಟ್ಟಿ ತೆಗೆದುಕೊಂಡು ಕುಳಿತಿದ್ದಾರೆ. 650 ಮಿಲಿಮೀಟರ್ ಉದ್ದದ ತಂತಿಯಲ್ಲಿ ಮೊದಲ ಫ್ರೆಟ್ಟಿನ ಮನೆಯ ಅಗಲ ಮೂವತ್ತಾರೂವರೆ ಮಿಲಿಮೀಟರ್, ಐದನೇ ಮನೆಯದು ಇಪ್ಪತ್ತೊಂಬತ್ತು ಎಂದು ಗುರುತು ಹಾಕಿ, “ಆರಂಭದ ವಿದ್ಯಾರ್ಥಿಗೆ ಅತ್ಯಂತ ಅಗಲವಾದ ಮನೆಯನ್ನೇ ಕೊಟ್ಟಿರುವುದು ಯಾವ ನ್ಯಾಯ?” ಎಂದು ಕೇಳಿದ್ದಾರೆ. ಲೆಕ್ಕ ಸರಿಯಿದೆ. ಉಳಿದಿರುವ ತಂತಿಯುದ್ದವನ್ನು ಪ್ರತಿ ಫ್ರೆಟ್ಟೂ ಸುಮಾರು ಹದಿನೆಂಟನೇ ಒಂದು ಪಾಲಿನಷ್ಟು ಕತ್ತರಿಸುತ್ತಾ ಹೋಗುವುದರಿಂದ, ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ತಂತಿ ಸರಿಯಾಗಿ ಅರ್ಧವಾಗಿರುತ್ತದೆ. ಅಗಲದ ಮನೆಗಳೆಲ್ಲ ತಲೆಯ ಕಡೆ, ಇಕ್ಕಟ್ಟಿನವು ಹೊಟ್ಟೆಯ ಕಡೆ.

ಪೆನ್ಸಿಲ್ ಈ ನ್ಯಾಯದ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಬದಲಿಗೆ, “ತೋರುಬೆರಳು ಆರು ತಂತಿ ಒತ್ತಬೇಕಾಗಿಲ್ಲ. ಮೂರು, ನಾಲ್ಕು, ಐದನ್ನು ಬೇರೆ ಬೆರಳು ನೋಡಿಕೊಳ್ಳುತ್ತವೆ. ನಿಮ್ಮದು ಒಂದು, ಎರಡು, ಆರು ಮಾತ್ರ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ” ಎಂದಿದೆ. ಹಸಿರು: “ಹೊರಳಿಸಲಾಯಿತು. ಪ್ರಯೋಜನವಿಲ್ಲ.” ಪೆನ್ಸಿಲ್: “ಅದೇ ಹಿಡಿತ ಐದನೇ ಮೆಟ್ಟಿನಲ್ಲಿ ಹಿಡಿದು ನೋಡಿ.” ಹಸಿರು: “ಅಲ್ಲಿ ಬರುತ್ತದೆ.” ಪೆನ್ಸಿಲ್: “ಹಾಗಾದರೆ ತಂತಿಯನ್ನು ಮೂರನೇ ಮೆಟ್ಟಿನಲ್ಲಿ ಒತ್ತಿಕೊಂಡು, ಮೊದಲನೇ ಮೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಕೂದಲೆಳೆಯಷ್ಟೇ ಇರಬೇಕು.” ಹಸಿರು: “ಬೆಂಕಿಕಡ್ಡಿ ತೂರುತ್ತದೆ.” ಪೆನ್ಸಿಲ್: “ಗಿಟಾರನ್ನು ರಿಪೇರಿಗೆ ಕೊಡಿ. ಕೈ ಸರಿಯಾಗಿದೆ.”

ಈ ಕೊನೆಯ ಸಾಲಿನ ಮುಂದೆ ಹಸಿರು ಶಾಯಿಯಲ್ಲಿ ಒಂದು ಪುಟ್ಟ ಸಹಿ ಮಾತ್ರ ಇದೆ, ಓದಲು ಬಾರದ್ದು. ಎಷ್ಟು ಕಾಲ ಆ ಮನುಷ್ಯರು ತಮ್ಮ ಬೆರಳುಗಳನ್ನೇ ದೂರುತ್ತಾ ಕುಳಿತಿದ್ದರೋ! ತಲೆಯ ಬಳಿ ತಂತಿಗಳನ್ನು ಹಿಡಿದಿಡುವ ಆ ಬಿಳಿಯ ಪಟ್ಟಿಗೆ ನಟ್ ಎನ್ನುತ್ತಾರೆ; ಅದರ ಗೀರುಗಳನ್ನು ಸಾಕಷ್ಟು ಆಳವಾಗಿ ಅರೆಯದೆ ಬಿಟ್ಟರೆ ತಂತಿ ಎತ್ತರದಲ್ಲಿ ನಿಂತು ಮೊದಲ ಫ್ರೆಟ್ಟಿನಲ್ಲಿ ಕಬ್ಬಿಣದಂತಾಗುತ್ತದೆ. ಅಗ್ಗದ ಗಿಟಾರುಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ‘ಕಲಿಯುವವರಿಗೆ ಇಷ್ಟು ಸಾಕು’ ಎಂದು ಮಾರುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ಕಲಿತವನು ಹೇಗಾದರೂ ಸಂಭಾಳಿಸಿಕೊಳ್ಳುತ್ತಾನೆ, ಸರಿಯಾದ ವಾದ್ಯ ಬೇಕಾಗಿರುವುದೇ ಕಲಿಯುವವನಿಗೆ. ನಮ್ಮ ಊರಿನ ಬೇಸಿಗೆಯೂ ಈ ವಿಷಯದಲ್ಲಿ ಮಾರುವವರ ಪರವಾಗಿಯೇ ಇದೆ: ಏಪ್ರಿಲಿನ ಒಣ ಹವೆಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಗೆ ಇಣುಕಿ ಅಂಗೈಯನ್ನು ಗೀರುತ್ತವೆ, ಮತ್ತು ಹುಡುಗರು ಅದನ್ನೂ ಸಾಧನೆಯ ಗಾಯವೆಂದು ತಿಳಿದು ಹೆಮ್ಮೆಯಿಂದ ತೋರಿಸುತ್ತಾರೆ.

ಹಸಿರು ಶಾಯಿಯವರನ್ನು ನಾನು ಹುಡುಕಿದೆ. ನಿವೃತ್ತ ಪ್ರಾಂಶುಪಾಲರೊಬ್ಬರ ಮೇಲೆ ಅನುಮಾನವಿತ್ತು. ಅವರಿಗೆ ಪಿಟೀಲಿನಲ್ಲಿ ಮಾತ್ರ ಆಸಕ್ತಿ, ಗಿಟಾರ್ ಎಂಬ ಶಬ್ದಕ್ಕೇ ಮುಖ ಕಿವುಚಿದರು. ಪಶುವೈದ್ಯಾಧಿಕಾರಿಯಾಗಿದ್ದವರೊಬ್ಬರಲ್ಲಿ ಗಿಟಾರ್ ಇತ್ತು, ಆದರೆ ಅವರ ಅಕ್ಷರ ನೋಡಿದರೆ ದುಂಡಗಿನ ಟಿಪ್ಪಣಿಗಳು ಅವರದಾಗಲು ಸಾಧ್ಯವಿರಲಿಲ್ಲ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಎಡಗೈಯ ಬೆರಳ ತುದಿಗಳು ಗಟ್ಟಿಯಾಗಿರುವವರು ಯಾರೆಂದು ಗಮನಿಸುವ ಮಟ್ಟಕ್ಕೆ ಬಂದಾಗ ಮನೆಯವರು ಎಚ್ಚರಿಸಿದರು. ಕೊನೆಗೆ ಪೇಟಿ ಮೇಷ್ಟ್ರನ್ನೇ ಮತ್ತೆ ಪೀಡಿಸಿದೆ. “ಗೊತ್ತೈತಿ, ಹೇಳಂಗಿಲ್ಲ,” ಎಂದರು ಅವರು. “ನಟ್ ಸರಿ ಮಾಡಿಸಿಕೊಂಡರು, ಎಫ್ ಬಂತು, ಆಮೇಲೆ ಬಿಟ್ಟುಬಿಟ್ಟರು. ಅದೊಂದು ಕಾರ್ಡಿಗೋಸ್ಕರವೇ ಹಿಡಿದಿದ್ದರಂತೆ.”

ಮುಖ್ಯ ವಿಚಾರವೆಂದು ಮೇಲೆ ಹೇಳಿದ್ದೆನಲ್ಲ, ಅದನ್ನು ಇದರ ನಂತರ ಹೇಳುವ ಉತ್ಸಾಹ ನನಗೆ ಉಳಿದಿಲ್ಲ. ಅಲ್ಲದೆ ತುರ್ತಿನ ಬೇರೆ ವಿಷಯವಿದೆ. ಕಟ್ಟು ಈಗ ನಿಟ್ಟುವಳ್ಳಿಯ ಕಡೆ ಒಂದು ಸುತ್ತು ಹೋಗಿ ಬಂದಿದೆ, ಬರುವಾಗ ಎಫ್ ಪುಟದಲ್ಲಿ ಕೆಂಪು ಶಾಯಿಯ ಒಂದು ಸಾಲನ್ನು ಹೊತ್ತುಕೊಂಡು ಬಂದಿದೆ: “ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ ಇ ಹಿಡಿದರೆ ಅದೇ ಎಫ್. ಇಷ್ಟೊಂದು ಗಲಾಟೆ ಯಾಕೆ?” ಕೇಪೋ ಎಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಚಿಮಟ. ಸ್ವರಗಳ ಮಟ್ಟಿಗೆ ಮಾತು ಸುಳ್ಳಲ್ಲ. ಆದರೆ ಹಾಡಿನ ನಡುವೆ ಒಮ್ಮೆ ಎಫ್ ಬಂದು ಹೋಗುವಾಗ ಕೇಪೋ ಹಾಕಿ ತೆಗೆಯಲು ಇನ್ನೊಂದು ಕೈಯನ್ನು ಎಲ್ಲಿಂದ ತರುವುದು? ಹಾಕಿಯೇ ಇಟ್ಟರೆ ಉಳಿದ ಕಾರ್ಡುಗಳೆಲ್ಲ ಅರ್ಧ ಸ್ವರ ಮೇಲೇರಿ ಕುಳಿತಿರುತ್ತವೆ, ಸಿ ಬೇಕಾದಲ್ಲಿ ಬಿ ಹಿಡಿಯಬೇಕಾಗುತ್ತದೆ, ಮತ್ತು ಬಿ ಹಿಡಿಯುವುದು ಎಫ್ ಹಿಡಿಯುವುದಕ್ಕಿಂತ ಸುಲಭವೇನಲ್ಲ. ಇದನ್ನೆಲ್ಲ ಬರೆಯೋಣವೆಂದರೆ ಆ ಪುಟದ ಅಂಚಿನಲ್ಲಿ ಜಾಗ ಉಳಿದಿಲ್ಲ. ಕೆಂಪು ಶಾಯಿ ಯಾರದೆಂದು ಎಲ್ಲರನ್ನೂ ವಿಚಾರಿಸಿದ್ದೇನೆ, ಒಬ್ಬರೂ ಒಪ್ಪಿಕೊಳ್ಳುತ್ತಿಲ್ಲ.