ಅಡಿಕೆ ಸಿಪ್ಪೆ ಕುಲುಮೆಗೋ, ತೋಟಕ್ಕೋ?

ಸುಲಿದ ಅಡಿಕೆಯ ಸಿಪ್ಪೆಯನ್ನು ಕುಲುಮೆಯಲ್ಲಿ ಇದ್ದಿಲು ಮಾಡಿ ಫಿಲ್ಟರು, ಬ್ಯಾಟರಿಗೆ ಮಾರಬೇಕೋ, ತೋಟಕ್ಕೇ ಹಾಕಬೇಕೋ? ಎರಡು ಕಡೆಯ ಮಾತು ಇಲ್ಲಿದೆ.

ಪರ

ಕೊಯ್ಲಿನ ಕಾಲದಲ್ಲಿ ಸಂಜೆ ಹೊತ್ತು ಶಿವಮೊಗ್ಗದ ಆಸುಪಾಸು ಬೈಕ್ ಓಡಿಸಿದವರಿಗೆ ಇದು ಗೊತ್ತು. ರಸ್ತೆ ಬದಿಗೆ ಸುರಿದ ಸಿಪ್ಪೆ ರಾಶಿಗೆ ಯಾರೋ ಬೆಂಕಿ ಇಟ್ಟಿರುತ್ತಾರೆ. ಉರಿ ಕಾಣುವುದಿಲ್ಲ, ಬರೀ ಹೊಗೆ. ದಿನಗಟ್ಟಲೆ ಒಳಗೊಳಗೇ ಬೇಯುತ್ತಿರುತ್ತದೆ. ಹೋದ ವರ್ಷ ಎದುರಿನ ಟ್ರ್ಯಾಕ್ಟರ್ ನನಗೆ ಕಂಡಿದ್ದು ಮೈಮೇಲೆ ಬಂದಾಗಲೇ.

ಹೇಗೂ ಸುಡುತ್ತೇವೆ. ಗಾಳಿಯಾಡದ ಕುಲುಮೆಯಲ್ಲಿ ಸುಡೋಣ, ಅಲ್ವಾ? 500 ಡಿಗ್ರಿ ಆಸುಪಾಸು ಕಾಯಿಸಿದರೆ ಸಿಪ್ಪೆ ಬೂದಿಯಾಗದೆ ಇದ್ದಿಲಾಗುತ್ತದೆ. ಅದಕ್ಕೆ 800-900 ಡಿಗ್ರಿಯಲ್ಲಿ ಹಬೆ ಹಾಯಿಸಿದರೆ ಮೈಯೆಲ್ಲ ಕಣ್ಣಿಗೆ ಕಾಣದ ತೂತು. ಚೆನ್ನಾಗಿ ತಯಾರಾದ ಒಂದೇ ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ 1000 ಚದರ ಮೀಟರ್ ಆಗುವುದುಂಟು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ನೀರಿನ ಫಿಲ್ಟರಿನಲ್ಲಿ ಕೊಳೆ ಹಿಡಿಯಲು ಇರುವುದು ಇಂಥದ್ದೇ, ತೆಂಗಿನ ಚಿಪ್ಪಿನ ಇದ್ದಿಲು. ಹಬೆಯಿಲ್ಲದೆ 1000 ಡಿಗ್ರಿ ದಾಟಿಸಿದರೆ ಹಾರ್ಡ್ ಕಾರ್ಬನ್ ಅನ್ನುವ ಬೇರೆ ಬಗೆಯ ಇದ್ದಿಲು. ಸೋಡಿಯಂ ಬ್ಯಾಟರಿಗೆ ಬೇಕಾದದ್ದು ಅದು. ಲೀಥಿಯಂ ಬ್ಯಾಟರಿಯಲ್ಲಿರುವ ಗ್ರಾಫೈಟ್ ಅನ್ನುವ ಇಂಗಾಲದೊಳಗೆ ಸೋಡಿಯಂ ಸರಿಯಾಗಿ ಕೂರುವುದಿಲ್ಲ. ಅಡಿಕೆ ರೇಟು ಬಿದ್ದ ವರ್ಷ ಸಿಪ್ಪೆಗೂ ನಾಲ್ಕು ಕಾಸು ಹುಟ್ಟಿದರೆ ಬೇಡ ಅನ್ನುವ ಬೆಳೆಗಾರ ಯಾರು?

ವಿರೋಧ

ಸಿಪ್ಪೆಯನ್ನು ಕಸ ಅನ್ನುವುದಕ್ಕೇ ನನ್ನ ತಕರಾರು. ಮಾರ್ಚ್ ಬಿಸಿಲಲ್ಲಿ ನಮ್ಮ ತೋಟಕ್ಕೆ ಬನ್ನಿ. ಮರದ ಬುಡಕ್ಕೆ ಹಾಸಿದ ಹಳೇ ಸಿಪ್ಪೆ ಕೈಯಿಂದ ಸರಿಸಿ ನೋಡಿ. ಕೆಳಗೆ ತಣ್ಣನೆ ಮಣ್ಣು, ಬಿಳೀ ಬೂಷ್ಟಿನ ಎಳೆ, ಸರಕ್ಕನೆ ಒಳಗೆ ಸೇರುವ ಎರೆಹುಳ. ನಿಧಾನವಾಗಿ ಕರಗುತ್ತದೆ, ನಿಜ. ಆದರೆ ಬೇಸಿಗೆ ದಾಟಿಸಲು ಆ ನಿಧಾನವೇ ಬೇಕು.

ಸಿಪ್ಪೆಯಲ್ಲಿ ಮರಕ್ಕೆ ಗೊಬ್ಬರವಾಗುವ ಪೊಟ್ಯಾಶ್ ಇದೆ. ಬ್ಯಾಟರಿಯ ಇದ್ದಿಲಿಗೆ ಅದು ಬೇಡದ ವಸ್ತು. ಆಸಿಡ್ ಹಾಕಿ ತೊಳೆದು ತೆಗೆಯುತ್ತಾರೆ. ನಾವು ಹೊರದೇಶದಿಂದ ಬಂದ ಪೊಟ್ಯಾಶನ್ನು ಚೀಲಗಟ್ಟಲೆ ಕೊಂಡು ಅದೇ ಮರಕ್ಕೆ ಹಾಕುತ್ತೇವೆ! ತೊಳೆದ ಆಸಿಡ್ ನೀರು ಎಲ್ಲಿಗೆ? ನಮ್ಮ ಹಳ್ಳಗಳೆಲ್ಲ ಇಳಿದು ಸೇರುವುದು ತುಂಗೆಗೋ ಶರಾವತಿಗೋ.

ಬೇಯಿಸಿ ಒಣಗಿಸುವ ಕೆಂಪಡಿಕೆಗೆ ಸುಲಿಯುವುದು ಹಸಿಗಾಯಿ. ಸಿಪ್ಪೆ ನೀರುನೀರು. ಒಣಗಿಸಬೇಕು. ಒಣಗಿದ ಮೇಲೆ ಲಾರಿ ತುಂಬಿದರೂ ತೂಕವಿಲ್ಲ. ಬಾಡಿಗೆ ಯಾರು ಕೊಡುತ್ತಾರೆ?

ಹೊಗೆಯ ಮಾತು ಒಪ್ಪುತ್ತೇನೆ. ನಮ್ಮಮ್ಮನಿಗೂ ಅದರಿಂದಲೇ ಕೆಮ್ಮು. ಆದರೆ ಸಿಪ್ಪೆ ರಸ್ತೆಗೆ ಬೀಳುವುದು ಯಾಕೆ? ತೋಟ ಖೇಣಿಗೆ, ಅಂದರೆ ಮರದ ಮೇಲಿನ ಫಸಲನ್ನೇ ವ್ಯಾಪಾರಿಗೆ ಕೊಟ್ಟ ಮೇಲೆ ಕಾಯಿ ಸುಲಿಯುವುದು ಬೇರೆ ಊರಲ್ಲಿ, ಸಿಪ್ಪೆ ಉಳಿಯುವುದೂ ಅಲ್ಲೇ. ಹೋದ ಸಲ ಖೇಣಿ ಮಾತಾಡುವಾಗಲೇ ಸಿಪ್ಪೆ ವಾಪಸ್ ತಂದು ಹಾಕಬೇಕು ಅಂತ ಹೇಳಿದೆ. ಖೇಣಿದಾರರು ರೇಟಿನಲ್ಲಿ ಸ್ವಲ್ಪ ಕಡಿಮೆ ಮಾಡಿದರು. ಆಗಲಿ ಅಂದೆ. ಎಂಟು ಟ್ರ್ಯಾಕ್ಟರ್ ಲೋಡು ತೋಟಕ್ಕೆ ಬಂದು ಬಿತ್ತು.