ದುಡ್ಡಿಲ್ಲದ ಪಿಶಾಚಿಗೆ ನಾಲ್ಕು ಸ್ಟಾರ್

1964ರಲ್ಲಿ ಬಂದ 'ದಿ ಲಾಸ್ಟ್ ಮ್ಯಾನ್ ಆನ್ ಅರ್ಥ್' ನೋಡಿದ್ದೀರಾ? ನೋಡಿಲ್ಲ ಅಂದರೂ ಪರವಾಗಿಲ್ಲ. ಅದರ ಬಗ್ಗೆ ಬರೆದವರಲ್ಲೇ ಎಷ್ಟು ಜನ ಪೂರ್ತಿ ನೋಡಿದ್ದಾರೋ ಅಂತ ನನಗೆ ಅನುಮಾನ. ಯಾವುದೋ ರೋಗ ಬಂದು ಊರಿಗೆ ಊರೇ ಸತ್ತು, ಸತ್ತವರು ರಕ್ತಪಿಶಾಚಿಗಳಾಗಿ ಎದ್ದಿದ್ದಾರೆ. ಉಳಿದವನು ನಾಯಕ ನಟ ವಿನ್ಸೆಂಟ್ ಪ್ರೈಸ್ ಒಬ್ಬನೇ. ಬಾಗಿಲಿಗೆ ಬೆಳ್ಳುಳ್ಳಿ, ಕನ್ನಡಿ ನೇತು ಹಾಕಿ, ಲೇತ್ ಮೇಲೆ ಮರದ ಗೂಟ ಕಡೆದು, ಹಗಲು ಹೊತ್ತು ಮನೆ ಮನೆ ಹುಡುಕಿ ಮಲಗಿದ ಪಿಶಾಚಿಗಳ ಎದೆಗೆ ಗೂಟ ಹೊಡೆದು ಬರುವುದು ಅವನ ಡ್ಯೂಟಿ. ರಾತ್ರಿ ಅವು ಬಂದು ಬಾಗಿಲು ಬಡಿಯುತ್ತವೆ, ಹೆಸರು ಹಿಡಿದು ಹೊರಗೆ ಬಾ ಅಂತ ಕರೆಯುತ್ತವೆ. ಇವನು ಜೋರಾಗಿ ರೆಕಾರ್ಡ್ ಹಾಕಿಕೊಂಡು ಒಳಗೇ ಕೂರುತ್ತಾನೆ. ಗಣಪತಿ ಚಂದಾ ಕೇಳೋಕೆ ಬಂದಾಗ ನಮ್ಮ ಮನೆಯಲ್ಲಿ ಮಾಡುವುದೂ ಅದನ್ನೇ.

ಬಂದ ಹೊಸದರಲ್ಲಿ ಇದನ್ನು ಹೊಗಳಿದವರು ಕಡಿಮೆ. ಮೂಲ ಕಾದಂಬರಿ ಬರೆದ ರಿಚರ್ಡ್ ಮ್ಯಾಥಿಸನ್ನೇ ಚಿತ್ರಕಥೆಯನ್ನೂ ಬರೆದಿದ್ದರು. ತಯಾರಾದ ಸಿನಿಮಾ ಹಿಡಿಸಲಿಲ್ಲ. ಹೆಸರು ಹಾಕಬೇಡಿ ಅಂತ ಸುಮ್ನೆ ಹೇಳಿ ಬಿಡಬಹುದಿತ್ತು, ಅಲ್ವಾ? ಬದಲಿಗೆ ಹೆತ್ತ ತಾಯಿಯ ತವರಿನ ಹೆಸರು, ಅತ್ತೆಯ ತವರಿನ ಹೆಸರು ಎರಡನ್ನೂ ಜೋಡಿಸಿ 'ಲೋಗನ್ ಸ್ವಾನ್ಸನ್' ಅಂತ ಹಾಕಿಸಿದರು. ತನಗೆ ನಾಚಿಕೆಯಾದ ಕೆಲಸವನ್ನು ಅಮ್ಮ ಮತ್ತು ಅತ್ತೆಯ ತಲೆಗೆ ಸರಿಸಮ ಹಂಚಿದ ಅಳಿಯ ಇವರೊಬ್ಬರೇ ಇರಬೇಕು.

ಆಮೇಲೆ ಒಂದು ಮಜಾ ನಡೆಯಿತು. ಅಮೆರಿಕದಲ್ಲಿ ಸಿನಿಮಾದ ಹಕ್ಕು ಯಾರ ಕೈಯಲ್ಲೂ ಉಳಿಯದೆ ಅದು ಊರ ಸ್ವತ್ತಾಯಿತು. ಯಾರು ಬೇಕಾದರೂ ಡಿವಿಡಿ ಮಾಡಬಹುದು, ಯಾರು ಬೇಕಾದರೂ ಯೂಟ್ಯೂಬಿಗೆ ಹಾಕಬಹುದು. ಟಿಕೆಟ್ ದುಡ್ಡು ಕೊಟ್ಟು ನೋಡಿದಾಗ ಕಾಣದ ಗುಣಗಳು ಬಿಟ್ಟಿ ಸಿಕ್ಕಾಗ ಒಂದೊಂದಾಗಿ ಕಾಣತೊಡಗಿದವು! ರೀಲು ಅದೇ. ಒಂದು ಫ್ರೇಮ್ ಕೂಡ ಬದಲಾಗಿಲ್ಲ. ಆದರೆ ಬಡತನ ಶೈಲಿಯಾಯಿತು.

ಹೇಗೆ ಅಂತೀರಾ? ಅಮೆರಿಕದ ಊರಿನ ಕಥೆಯನ್ನು ದುಡ್ಡು ಉಳಿಸೋಕೆ ರೋಮಿನಲ್ಲಿ ಚಿತ್ರೀಕರಿಸಿದ್ದರು. ಮುಸೊಲಿನಿ 1942ರ ವಸ್ತುಪ್ರದರ್ಶನಕ್ಕೆಂದು ಕಟ್ಟಲು ಶುರು ಮಾಡಿ, ಯುದ್ಧ ಬಂದು ಪ್ರದರ್ಶನವೇ ನಡೆಯದೆ ಹೋದ ಇಯುಆರ್ ಅನ್ನೋ ಬಡಾವಣೆ. ಅಗಲ ರಸ್ತೆ, ಬೋಳು ಗೋಡೆ. ಮೊದಲು ಕಂಡಿದ್ದು 'ಇದು ಅಮೆರಿಕ ಅಲ್ಲವೇ ಅಲ್ಲ' ಅನ್ನೋ ತಪ್ಪು. ಈಗ ಅದೇ ಬೋಳು ಗೋಡೆ 'ಸರ್ವಾಧಿಕಾರದ ವಾಸ್ತುಶಿಲ್ಪದಲ್ಲಿ ಅನಾಥನಾದ ಆಧುನಿಕ ಮನುಷ್ಯ'. ಇಟಲಿಯ ನಟರ ತುಟಿ ಒಂದು ಕಡೆ, ಇಂಗ್ಲಿಷ್ ಡಬ್ಬಿಂಗ್ ಇನ್ನೊಂದು ಕಡೆ ಹೋಗುತ್ತಲ್ಲ, ಅದು ಈಗ 'ಸಂವಹನದ ಬಿರುಕು'. ಅಳಿಯ ಅಲ್ಲ, ಮಗಳ ಗಂಡ!

ಪಿಶಾಚಿಗಳ ನಡಿಗೆಯಂತೂ ಕೇಳಬೇಡಿ. ತಡಬಡಿಸಿಕೊಂಡು ಬಂದು, ಕೈಯಲ್ಲಿ ಹಲಗೆ ಹಿಡಿದು ಬಾಗಿಲಿಗೆ ತಟ್ಟುತ್ತವೆ. ಪ್ರೈಸ್ ಒಂದು ತಳ್ಳು ತಳ್ಳಿದರೆ ಬೀಳುತ್ತವೆ. ನನ್ನ ಹೆಂಡತಿ ಹತ್ತು ನಿಮಿಷ ನೋಡಿ, "ಪಾಪ, ಇವಕ್ಕೆ ಮೊದಲು ಊಟ ಹಾಕ್ರೀ" ಅಂದಳು. ಅವಳ ವಿಮರ್ಶೆ ಮುಗಿಯಿತು. ಪಂಡಿತರದು ಮುಗಿದಿಲ್ಲ. ನಿರ್ದೇಶಕ ಜಾರ್ಜ್ ರೊಮೆರೊ 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸಿನಿಮಾದಲ್ಲಿ ಅದೇ ತರಹ ಕಾಲೆಳೆಯುವ ಹೆಣಗಳನ್ನು ತಂದು ಗೆದ್ದರು, ಮ್ಯಾಥಿಸನ್ ಕಾದಂಬರಿಯೇ ತಮಗೆ ಸ್ಫೂರ್ತಿ ಅಂತ ಒಪ್ಪಿಕೊಂಡರು ಕೂಡ. ಮಗ ಐಎಎಸ್ ಪಾಸಾದ ಮೇಲೆ ಅಪ್ಪನ ಹರಿದ ಚಪ್ಪಲಿಗೂ ಗೌರವ ಬರುತ್ತಲ್ಲ, ಹಾಗೆ ಈ ಪಿಶಾಚಿಗಳ ಕುಂಟು ನಡಿಗೆಗೂ ಬಂತು.

2007ರಲ್ಲಿ ಅದೇ ಕಾದಂಬರಿಗೆ ಹಾಲಿವುಡ್ಡಿನವರು ಕೋಟಿಗಟ್ಟಲೆ ಡಾಲರ್ ಸುರಿದು, ವಿಲ್ ಸ್ಮಿತ್ ಕರೆಸಿ, ಪಿಶಾಚಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಸಿದರು. ಆಗ ವಿಮರ್ಶಕರು ಏನಂದರು? ಪಿಶಾಚಿಗಳು ನಕಲಿ ತರಹ ಕಾಣುತ್ತವೆ ಅಂದರು. ಅಸಲಿ ಪಿಶಾಚಿ ಹೇಗಿರುತ್ತೆ ಅಂತ ಇವರು ಎಲ್ಲಿ ನೋಡಿದ್ದರೋ. ದುಡ್ಡಿಲ್ಲದಿದ್ದರೆ ದುಡ್ಡಿಲ್ಲ ಅಂತ ಬೈಗುಳ, ದುಡ್ಡಿದ್ದರೆ ದುಡ್ಡಿದೆ ಅಂತ ಬೈಗುಳ. ನಲವತ್ತು ವರ್ಷ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಹೊಗಳಿಕೆ, ಅದೂ ನಿರ್ಮಾಪಕ ಬದುಕಿದ್ದರೆ.

ನಿಜ ಹೇಳಬೇಕೆಂದರೆ ಸಿನಿಮಾ ನನಗೆ ಇಷ್ಟವಾಯಿತು. ಅದರಲ್ಲೂ ಕೊನೆಯ ಭಾಗ. ರೋಗ ಇದ್ದೂ ಔಷಧಿ ತಗೊಂಡು ಬದುಕಿರುವ ಜನ ಬೇರೆಯೇ ಇದ್ದಾರೆ ಅಂತ ಪ್ರೈಸ್‌ಗೆ ಆಗ ಗೊತ್ತಾಗುತ್ತದೆ. ಹಗಲೆಲ್ಲ ಪಟ್ಟಿ ಹಿಡಿದು, ಮಲಗಿದವರ ಎದೆಗೆ ಗೂಟ ಹೊಡೆದನಲ್ಲ, ಅವರಲ್ಲಿ ಎಷ್ಟೋ ಜನ ಸತ್ತೇ ಇರಲಿಲ್ಲ. ಇವನು ಮುಟ್ಟಿ ನೋಡಿರಲಿಲ್ಲ, ಅಷ್ಟೆ. 1964ರಲ್ಲಿ ಈ ದೃಶ್ಯ ಬರುವ ಹೊತ್ತಿಗೆ ವಿಮರ್ಶಕರು ಎದ್ದು ಹೋಗಿ, ಆಫೀಸಿನಲ್ಲಿ ಕೂತು ಪೆನ್ನು ಚೂಪು ಮಾಡುತ್ತಿದ್ದರು ಅಂತ ಕಾಣುತ್ತೆ.